ನಾಣ್ಯದ ಮೇಲಿನ ಬಫೆಲೊ, ಕೆರೆಯೊಳಗಿನ ಎಮ್ಮೆ

ಕಳೆದ ಜುಲೈನಲ್ಲಿ ಅಮೆರಿಕದಿಂದ ಅರಸೀಕೆರೆಗೆ ಬಂದ ನನ್ನ ಹತ್ತು ವರ್ಷದ ಮೊಮ್ಮಗಳು ನನಗೊಂದು ನಾಣ್ಯ ತಂದುಕೊಟ್ಟಳು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಚಿಲ್ಲರೆ ಎಣಿಸಿದವನಿಗೆ ನಾಣ್ಯದ ಉಡುಗೊರೆ! ಆದರೂ ಕನ್ನಡಕ ಹಾಕಿಕೊಂಡು ನೋಡಿದೆ. ಅದು ಅಮೆರಿಕದ ಹಳೆಯ ಐದು ಸೆಂಟಿನ ನಾಣ್ಯ. ಒಂದು ಕಡೆ ಅಲ್ಲಿನ ಮೂಲನಿವಾಸಿಯ ಮುಖ. ಇನ್ನೊಂದು ಕಡೆ ಡುಬ್ಬ ಬೆನ್ನಿನ, ತಲೆ ತಗ್ಗಿಸಿ ನಿಂತ ಭಾರಿ ಪ್ರಾಣಿ.

“ತಾತ, ಇದು ಬಫೆಲೊ” ಅಂದಳು.

ನಮ್ಮ ಮನೆಯಾಕೆ ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಇದ್ಯಾವ ಸೀಮೆ ಎಮ್ಮೆಯೇ? ಇದಕ್ಕೆ ಗಡ್ಡ ಬೇರೆ ಇದೆ!” ಎಂದು ನಕ್ಕಳು.

ಅಲ್ಲಿಂದ ಶುರುವಾಯಿತು ನಮ್ಮ ಎಮ್ಮೆ ಪುರಾಣ. ಮಾರನೆಯ ದಿನ ಹೇಗೂ ಹಳೇಬೀಡು, ಬೇಲೂರಿಗೆ ಹೋಗುವುದಿತ್ತು. “ನಾಳೆ ದಾರಿಯಲ್ಲಿ ನಿಜವಾದ ಎಮ್ಮೆ ತೋರಿಸುತ್ತೇನೆ ಬಾ. ಕೆರೆ ಕೆರೆಯಲ್ಲೂ ಬಿದ್ದುಕೊಂಡಿರುತ್ತವೆ” ಎಂದು ಮಾತು ಕೊಟ್ಟೆ.

ಹೆಸರು ಒಂದು, ಪ್ರಾಣಿ ಎರಡು

ಮಕ್ಕಳೇ, ಮೊದಲು ಒಂದು ಗೊಂದಲ ಬಿಡಿಸೋಣ. ಅಮೆರಿಕದವರು ಬಫೆಲೊ ಎನ್ನುವ ಪ್ರಾಣಿಯ ಸರಿಯಾದ ಹೆಸರು ಬೈಸನ್. ಅದು ನಮ್ಮ ಎಮ್ಮೆಯ ಜಾತಿಯಲ್ಲ. ನಮ್ಮ ಭದ್ರಾ ಕಾಡಿನಲ್ಲಿರುವ ಕಾಡುಕೋಣದ ಹತ್ತಿರದ ಬಂಧು. ತಮಾಷೆಯೆಂದರೆ ಹೆಸರಿನಲ್ಲಿ ಕೋಣವಿದ್ದರೂ ಕಾಡುಕೋಣವೂ ಎಮ್ಮೆಗಿಂತ ಹಸುವಿಗೇ ಹತ್ತಿರ. ಬೈಸನ್ನಿಗೂ ಹಸುವಿಗೂ ಜೀವಕೋಶದಲ್ಲಿ 60 ವರ್ಣತಂತುಗಳು, ನಮ್ಮ ಎಮ್ಮೆಗೆ 50. ಯುರೋಪಿನಿಂದ ಹೋದವರು ಅಲ್ಲಿನ ಪ್ರಾಣಿಯನ್ನು ಕಂಡು ತಮಗೆ ಗೊತ್ತಿದ್ದ ಹೆಸರಿಟ್ಟರು, ಅದೇ ಉಳಿಯಿತು.

ಆ ಬಫೆಲೊಗಳು ಒಂದು ಕಾಲದಲ್ಲಿ ಅಮೆರಿಕದ ಹುಲ್ಲುಗಾವಲಿನಲ್ಲಿ ಮೂರು ಕೋಟಿಯಿಂದ ಆರು ಕೋಟಿಯವರೆಗೆ ಇದ್ದುವೆಂದು ಅಂದಾಜು. ಲಕೋಟಾ, ಶಯೆನ್ ಮುಂತಾದ ಬುಡಕಟ್ಟುಗಳ ಜನಕ್ಕೆ ಅದೇ ಅನ್ನ, ಅದೇ ಬಟ್ಟೆ, ಅದೇ ಮನೆ. ಮಾಂಸ ಒಣಗಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಚರ್ಮದಿಂದ ಗುಡಾರ, ನರದಿಂದ ಬಿಲ್ಲಿನ ಹೆದೆ, ಕೊಂಬಿನಿಂದ ಚಮಚ. ಮರವಿಲ್ಲದ ಬಯಲಿನಲ್ಲಿ ಅದರ ಒಣ ಸಗಣಿಯೇ ಒಲೆಗೆ ಉರುವಲು. ಇದನ್ನು ಕೇಳಿ ನಮ್ಮ ಮನೆಯಾಕೆ, “ಹಾಗಾದರೆ ಅವರೂ ಬೆರಣಿ ಕಂಡವರೇ!” ಅಂದಳು. ಲಕೋಟಾ ಜನರ ಪವಿತ್ರ ಕಥೆಯಲ್ಲಿ ಬಿಳಿ ಬಫೆಲೊ ಕರುವಿನ ರೂಪ ತಾಳುವ ಹೆಣ್ಣೊಬ್ಬಳು ಬಂದು ಅವರಿಗೆ ಪೂಜೆಯ ವಿಧಿಯನ್ನು ಕಲಿಸುತ್ತಾಳೆ.

ಆಮೇಲೆ ಬಂತು ರೈಲು. 1869ರಲ್ಲಿ ಅಮೆರಿಕದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಳಿ ಕೂಡಿತು. 1870ರ ದಶಕದಲ್ಲಿ ಬಫೆಲೊ ಚರ್ಮವನ್ನು ಹದಮಾಡಿ ಕಾರ್ಖಾನೆಯ ಯಂತ್ರಗಳಿಗೆ ಬೆಲ್ಟು ಮಾಡುವುದು ಲಾಭದ ವ್ಯಾಪಾರವಾಯಿತು. ಕೋವಿ ಹಿಡಿದವರು ಬಂದರು. ಚರ್ಮ ಸುಲಿದುಕೊಂಡು ಮಾಂಸವನ್ನು ಬಯಲಿನಲ್ಲೇ ಕೊಳೆಯಲು ಬಿಟ್ಟರು. ಬಫೆಲೊ ಹೋದರೆ ಬುಡಕಟ್ಟಿನವರು ತಾವಾಗಿ ಬಗ್ಗುತ್ತಾರೆ ಎಂಬ ಲೆಕ್ಕವೂ ಕೆಲವು ಅಧಿಕಾರಿಗಳಿಗೆ ಇತ್ತು. ಕೊನೆಗೆ ಮೂಳೆಗಳನ್ನೂ ಬಿಡದೆ ಗುಡ್ಡೆ ಹಾಕಿ, ಗೊಬ್ಬರ ಮಾಡಲು ಅದೇ ರೈಲಿನಲ್ಲಿ ಸಾಗಿಸಿದರು. 1880ರ ದಶಕ ಮುಗಿಯುವಾಗ ಕೋಟಿಗಟ್ಟಲೆ ಇದ್ದದ್ದು ಸಾವಿರದ ಆಸುಪಾಸಿಗೆ ಇಳಿದಿತ್ತು.

ಆಗ ಕೆಲವರಿಗೆ ಎಚ್ಚರವಾಯಿತು. 1905ರಲ್ಲಿ ಬೈಸನ್ ಉಳಿಸುವ ಸಂಘ ಕಟ್ಟಿದರು. 1907ರಲ್ಲಿ ನ್ಯೂಯಾರ್ಕಿನ ಮೃಗಾಲಯದಿಂದ 15 ಬಫೆಲೊಗಳನ್ನು ರೈಲಿಗೇ ಹತ್ತಿಸಿ ಓಕ್ಲಹೋಮಾದ ಹುಲ್ಲುಗಾವಲಿಗೆ ಕಳಿಸಿದರು. 1913ರಲ್ಲಿ ನಾಣ್ಯದ ಮೇಲೆ ಅದರ ಚಿತ್ರ ಬಂತು, 1938ರವರೆಗೆ ಟಂಕಿಸಿದರು. 2016ರಲ್ಲಿ ಅದನ್ನು ರಾಷ್ಟ್ರೀಯ ಸಸ್ತನಿಯೆಂದು ಘೋಷಿಸಿದರು. ನನ್ನ ಕೈಗೆ ಬಂದ ನಾಣ್ಯದಲ್ಲಿ ಇಸವಿ ಪೂರ್ತಿ ಸವೆದುಹೋಗಿದೆ. ಆ ನಾಣ್ಯದಲ್ಲಿ ಇಸವಿಯನ್ನು ಉಬ್ಬಿದ ಜಾಗದಲ್ಲಿ ಅಚ್ಚು ಹಾಕಿದ್ದರಿಂದ ಅದೇ ಮೊದಲು ಅಳಿಸುತ್ತಿತ್ತು.

ಪ್ರಾಣಿಯನ್ನು ಬಹುಪಾಲು ಮುಗಿಸಿ, ಆಮೇಲೆ ನಾಣ್ಯದ ಮೇಲೆ ಮೆರೆಸಿದರು. ನಾವೋ? ನಾನು ಬ್ಯಾಂಕಿನಲ್ಲಿ ಎಣಿಸಿದ ಹತ್ತು ರೂಪಾಯಿ ನೋಟಿನ ಮೇಲೆ ಹುಲಿ, ಆನೆ, ಘೇಂಡಾಮೃಗ ಮೂರೂ ಇದ್ದವು. ಅವುಗಳ ಹಾಲನ್ನು ಯಾರೂ ಕುಡಿದವರಲ್ಲ.

ಎಮ್ಮೆ ಕಾಣದ ದಾರಿ

ಮಾರನೆಯ ದಿನ ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ ಹೊರಟೆವು. ಜಿನುಗು ಮಳೆ. ಮೊಮ್ಮಗಳು ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ತೆಂಗಿನ ತೋಟ ದಾಟಿತು, ರಾಗಿ ಹೊಲ ದಾಟಿತು. ಕಪ್ಪು ಬಿಳುಪು ಮಚ್ಚೆಯ ಸೀಮೆ ಹಸುಗಳು ಎಷ್ಟೋ ಕಂಡವು. ಎಮ್ಮೆ ಮಾತ್ರ ಜಾವಗಲ್ ಬಂದರೂ ಒಂದೂ ಕಾಣಲಿಲ್ಲ.

ನನಗೆ ನಾಚಿಕೆಯಾಯಿತು. ನಾನು ಸಣ್ಣವನಿದ್ದಾಗ ಇದೇ ದಾರಿಯ ಕೆರೆಗಳಲ್ಲಿ ಬಂಡೆಯೋ ಎಮ್ಮೆಯೋ ಎಂದು ಹೇಳಲಾಗದಷ್ಟು ಕಪ್ಪು ಬೆನ್ನುಗಳಿರುತ್ತಿದ್ದವು. ಮೇಲೆ ಬೆಳ್ಳಕ್ಕಿ ಕೂತರೆ ಎಮ್ಮೆ, ಕೂರದಿದ್ದರೆ ಬಂಡೆ. ಅದು ನಮ್ಮ ಲೆಕ್ಕ.

ಮಾತು ತೇಲಿಸಲು ಅವಳಿಗೆ ಗಾದೆ ಹೇಳತೊಡಗಿದೆ. ‘ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.’ ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.’ ‘ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ.’ ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.’

“ತಾತ, ಎಲ್ಲವೂ ಬೈಗುಳವೇ! ಒಂದಾದರೂ ಒಳ್ಳೆಯದು ಹೇಳಿ” ಅಂದಳು.

ಹುಡುಕಿದೆ. ಥಟ್ಟನೆ ಸಿಗಲಿಲ್ಲ. ಹಸುವಿಗೆ ಪುಣ್ಯಕೋಟಿಯ ಹಾಡಿದೆ, ಎತ್ತಿಗೆ ಸಂಕ್ರಾಂತಿಯ ಕಿಚ್ಚು ಹಾಯಿಸುವ ಸಂಭ್ರಮವಿದೆ. ಎಮ್ಮೆಗೆ ಇರುವುದು ಗಾದೆ ಮಾತ್ರ, ಅದೂ ಇಂಥದು.

ನಿಜ ಹೇಳಬೇಕೆಂದರೆ ಆ ಗಾದೆಗಳು ಎಮ್ಮೆಗೆ ಮಾಡಿದ ಅನ್ಯಾಯ. ಕೋಣ ನೀರಿಗೆ ಎಳೆಯುವುದು ಹಟದಿಂದಲ್ಲ. ಎಮ್ಮೆಯ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಹಸುವಿಗಿಂತ ತೀರ ಕಡಿಮೆ, ಮೈಬಣ್ಣ ಕಪ್ಪು, ಕೂದಲು ವಿರಳ. ಬಿಸಿಲು ಏರಿದರೆ ಮೈ ಕಾದ ಕಾವಲಿಯಂತಾಗುತ್ತದೆ. ನೀರಿಗೆ ಇಳಿದು, ಕೆಸರು ಮೆತ್ತಿಕೊಂಡರೆ ಮೈಯೂ ತಣ್ಣಗಾಗುತ್ತದೆ, ನೊಣ ಸೊಳ್ಳೆಯೂ ದೂರ. ಇನ್ನು ಕಿನ್ನರಿಯ ಮಾತು. ಎಮ್ಮೆ ಸಾಕಿದ ಯಾವ ಅಜ್ಜಿಯನ್ನಾದರೂ ಕೇಳಿ. ಬೇರೆಯವರು ಕೆಚ್ಚಲಿಗೆ ಕೈಹಾಕಿದರೆ ಎಮ್ಮೆ ಹಾಲು ಇಳಿಸದೆ ನಿಂತುಬಿಡುತ್ತದೆ. ತನ್ನವರ ದನಿಯನ್ನು ದೂರದಿಂದಲೇ ಗುರುತಿಸುತ್ತದೆ.

ಹಾಲಿನ ಲೆಕ್ಕವನ್ನೂ ನೋಡಿ. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ 4ರ ಆಸುಪಾಸು, ಎಮ್ಮೆಯದರಲ್ಲಿ 7ರ ಆಸುಪಾಸು. ಗಟ್ಟಿ ಮೊಸರು, ಬೆಳ್ಳನೆಯ ಬೆಣ್ಣೆ ಅದರಿಂದಲೇ. ಹಸುವಿನ ಬೆಣ್ಣೆಗೆ ಹಳದಿ ಕೊಡುವ ಕ್ಯಾರೊಟಿನ್ ಅನ್ನು ಎಮ್ಮೆ ತನ್ನ ಮೈಯಲ್ಲೇ ‘ಎ’ ಜೀವಸತ್ವವಾಗಿ ಮಾರ್ಪಡಿಸುತ್ತದೆ. ಹೆಸರಾಂತ ಧಾರವಾಡ ಪೇಡೆಯ ಹಿಂದೆಯೂ ಅಲ್ಲಿನ ಎಮ್ಮೆಯ ಹಾಲಿದೆ. ‘ಧಾರವಾಡಿ’ ಎಂಬ ಆ ತಳಿಗೆ ಕೆಲವೇ ವರ್ಷಗಳ ಹಿಂದೆ ದೇಶದ ತಳಿಪಟ್ಟಿಯಲ್ಲಿ ಜಾಗ ಸಿಕ್ಕಿತು. ಕರಾವಳಿಯಲ್ಲಂತೂ ಕಂಬಳದ ಕೋಣಗಳಿಗೆ ಮನೆಮಗನ ಉಪಚಾರ. 2014ರಲ್ಲಿ ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪಿನಿಂದ ಕಂಬಳಕ್ಕೂ ಅಡ್ಡಿಯಾಗಿತ್ತು. ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಸಾಲು ಸಾಲು ಪ್ರಾಣಿಗಳ ನಡುವೆ

ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಹೋದ ಮಕ್ಕಳಿಗೆಲ್ಲ ಗೊತ್ತು, ಹೊರಗೋಡೆಯ ಬುಡದಲ್ಲಿ ಪಟ್ಟಿ ಪಟ್ಟಿಯಾಗಿ ಪ್ರಾಣಿಗಳು ನಡೆಯುತ್ತವೆ. ಎಲ್ಲಕ್ಕಿಂತ ಕೆಳಗೆ ಆನೆಗಳು, ಗುಡಿಯ ಭಾರವೆಲ್ಲ ಅವುಗಳ ಬೆನ್ನಿನ ಮೇಲೆ. ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು. ರಾಮಾಯಣ, ಮಹಾಭಾರತದ ಕಥೆಗಳ ಮೇಲೆ ಮಕರ, ಅದರ ಮೇಲೆ ಹಂಸ. ಎದುರಿಗೆ ಎರಡು ನಂದಿಮಂಟಪ. ಬಸವಣ್ಣನಿಗೆ ಅಷ್ಟು ದೊಡ್ಡ ಮನೆ.

ಮೊಮ್ಮಗಳು ಬೆರಳು ಮಡಿಸಿ ಲೆಕ್ಕ ಹಾಕಿದಳು. “ತಾತ, ಮಕರ ನಿಜವಾಗಿ ಇದೆಯಾ?”

“ಇಲ್ಲ ಮಗು. ಮೊಸಳೆ ಬಾಯಿ, ನವಿಲು ಬಾಲ. ಅದು ಕಲ್ಪನೆಯ ಪ್ರಾಣಿ.”

“ಇಲ್ಲದ ಪ್ರಾಣಿಗೂ ಒಂದು ಸಾಲು ಕೊಟ್ಟಿದ್ದಾರೆ. ಎಮ್ಮೆಗೆ?”

ಎಮ್ಮೆಯ ಕುಲಕ್ಕೆ ಸಿಕ್ಕ ಜಾಗವನ್ನು ತೋರಿಸಿದೆ. ಹೊರಗೋಡೆಯಲ್ಲಿ ಮಹಿಷಾಸುರಮರ್ದಿನಿ ಇದ್ದಾಳೆ. ಅನೇಕ ಕೈಗಳ ದೇವಿ, ಕೈತುಂಬ ಆಯುಧ, ಕಾಲಡಿಯಲ್ಲಿ ಕೋಣ. ಶಿಲ್ಪದಲ್ಲಿ ಅದು ಎಷ್ಟು ಸುಂದರವೋ ಕೋಣನ ಪಾಲಿಗೆ ಅಷ್ಟೇ ಕಷ್ಟ. ಅಲ್ಲಿಂದ ಬೇಲೂರಿಗೆ ಹೋದಾಗಲೂ, ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ಗೋಡೆಯಲ್ಲಿ ಅದೇ ದೇವಿ, ಅದೇ ಕೋಣ. “ಪಾಪ, ಇಲ್ಲೂ!” ಅಂದಳು.

ಪುರಾಣದಲ್ಲಿ ಕೋಣಕ್ಕೆ ಇನ್ನೊಂದು ಕೆಲಸವಿದೆ, ಯಮನ ವಾಹನ. ಅದೂ ಯಾರೂ ಎದುರುಗೊಳ್ಳುವ ವಾಹನವಲ್ಲ. ಆದರೆ ಒಂದು ಗೌರವವನ್ನು ಅವಳಿಗೆ ಹೇಳಲು ಮರೆಯಲಿಲ್ಲ. ಮಹಿಷೂರು ಎಂಬುದೇ ಮೈಸೂರು ಆಯಿತು. ಮಹಿಷ ಎಂದರೆ ಕೋಣ. ಹಳಗನ್ನಡದಲ್ಲಿ ಎಮ್ಮೆಗೆ ‘ಎರ್ಮೆ’ ಎನ್ನುತ್ತಿದ್ದರು, ತಮಿಳಿನಲ್ಲಿ ಈಗಲೂ ‘ಎರುಮೈ’. ಪ್ರಾಚೀನ ತಮಿಳು ಕಾವ್ಯಗಳಲ್ಲಿ ಬರುವ ‘ಎರುಮೈಯೂರಿನ ದೊರೆ’ ನಮ್ಮ ಮೈಸೂರು ಸೀಮೆಯವನೆಂದು ವಿದ್ವಾಂಸರು ಹೇಳುತ್ತಾರೆ. ನಾಡಿನ ಹೆಸರಿನೊಳಗೇ ಎಮ್ಮೆ ಸದ್ದಿಲ್ಲದೆ ಮಲಗಿದೆ.

ಕಿವಿಯ ಬಿಲ್ಲೆ

ಕೊನೆಗೂ ಎಮ್ಮೆ ಸಿಕ್ಕಿದ್ದು ಹಳೇಬೀಡಿನಲ್ಲೇ. ಗುಡಿ ನೋಡಿ, ಬೇಲೂರಿಗೆ ಹೊರಡುವ ಮೊದಲು ದ್ವಾರಸಮುದ್ರದ ಕೆರೆಯ ಬಳಿ ನಿಂತಿದ್ದಾಗ, ನೀರಿನಿಂದ ಒಂದು ಕಪ್ಪು ಬೆನ್ನು ಎದ್ದಿತು. ಮಳೆ ಬೀಳುತ್ತಲೇ ಇತ್ತು. ಅದಕ್ಕೆ ಪರಿವೆಯೇ ಇಲ್ಲ. ಗಾದೆ ಹೇಳಿದಷ್ಟೂ ನಿಜ. ಮೇಯಿಸುತ್ತಿದ್ದ ಹೆಂಗಸು ಕೂಗಿದ್ದೇ ತಡ, ಕಿವಿ ನಿಮಿರಿಸಿಕೊಂಡು ದಡಕ್ಕೆ ಬಂತು.

“ಮುಟ್ಟಲಾ?” ಎಂದು ಮೊಮ್ಮಗಳು ಕೇಳಿದಳು.

“ಮುಟ್ಟವ್ವ, ಏನೂ ಮಾಡಲ್ಲ. ಮೊದಲು ನಮ್ಮನೇಲಿ ಆರು ಇದ್ದವು. ಈಗ ಇದೊಂದೇ” ಅಂದರು ಆ ತಾಯಿ.

ಮೊಮ್ಮಗಳು ಹಣೆ ಸವರಿದಳು. ಆಮೇಲೆ ಅವಳ ಕಣ್ಣು ಎಮ್ಮೆಯ ಕಿವಿಗೆ ಹೋಯಿತು. ಹಳದಿ ಪ್ಲಾಸ್ಟಿಕ್ ಬಿಲ್ಲೆ, ಅದರಲ್ಲಿ 12 ಅಂಕಿಯ ಸಂಖ್ಯೆ. “ತಾತ, ಇದಕ್ಕೂ ಆಧಾರ್ ಕಾರ್ಡಾ?” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಕೆರೆ ಏರಿಯ ಕಲ್ಲಿನ ಮೇಲೆ ಕೂತು ಅವಳಿಗೆ ಒಂದು ಕಥೆ ಹೇಳಿದೆ. ಮನೆಯವರಿಗೂ ಆವರೆಗೆ ಹೇಳದ ಕಥೆ.

1980ರ ಅಕ್ಟೋಬರ್ 2ರಿಂದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ ದೇಶದ ಎಲ್ಲ ಬ್ಲಾಕುಗಳಿಗೂ ಬಂತು. ಐಆರ್‌ಡಿಪಿ ಎಂದರೆ ನನ್ನ ವಯಸ್ಸಿನವರಿಗೆ ನೆನಪಾದೀತು. ಬಡವರಿಗೆ ಬ್ಯಾಂಕು ಸಾಲ ಕೊಡುವುದು, ಸರ್ಕಾರ ಒಂದು ಪಾಲು ಸಬ್ಸಿಡಿ ಕೊಡುವುದು. ಸಣ್ಣ ರೈತರಿಗೆ ಕಾಲು ಭಾಗ, ಅತಿಸಣ್ಣ ರೈತರಿಗೂ ಕೂಲಿಕಾರರಿಗೂ ಮೂರನೆಯ ಒಂದು ಭಾಗ, ಪರಿಶಿಷ್ಟರಿಗೆ ಅರ್ಧ. ಕುರಿ, ಗಾಡಿ, ಹೊಲಿಗೆ ಯಂತ್ರ ಏನು ಬೇಕಾದರೂ ಕೊಳ್ಳಬಹುದಿತ್ತು. ನಮ್ಮಲ್ಲಿ ಹೆಚ್ಚಿನವರು ಕೇಳಿದ್ದು ಎಮ್ಮೆ. ಜನರ ಬಾಯಲ್ಲಿ ಅದು ‘ಎಮ್ಮೆ ಸಾಲ’ವೇ ಆಯಿತು.

ಅರ್ಜಿ ತುಂಬುವುದು ನನ್ನ ಕೆಲಸ. ‘ಬಣ್ಣ’ ಎಂಬಲ್ಲಿ ‘ಕಪ್ಪು’ ಎಂದು ಎಷ್ಟು ಸಲ ಬರೆದೆನೋ! ಎಲ್ಲವೂ ಕಪ್ಪಾದ ಮೇಲೆ ಗುರುತು ಹೇಗೆ? ಅದಕ್ಕೇ ಕಿವಿಗೆ ಲೋಹದ ಬಿಲ್ಲೆ ಚುಚ್ಚಿ ನಂಬರು ಕೊಡುತ್ತಿದ್ದರು. ಎಮ್ಮೆಗೆ ವಿಮೆ ಇರುತ್ತಿತ್ತು. ಸತ್ತರೆ ಪಶುವೈದ್ಯರ ಪತ್ರ ಬೇಕು, ಜೊತೆಗೆ ಬಿಲ್ಲೆಯೂ ಬೇಕು. ಬಿಲ್ಲೆ ಆ ಎಮ್ಮೆಯದೇ ಎನ್ನಲು ಕಿವಿಯ ಸಮೇತ ಕತ್ತರಿಸಿ ತನ್ನಿ ಎನ್ನುತ್ತಿದ್ದರು. ಬದುಕಿದ ಎಮ್ಮೆಯನ್ನೇ ಸತ್ತಿತೆಂದು ಹಣ ಪಡೆದ ಜಾಣರು ಕೆಲವರಿದ್ದರು. ಅವರಿಗಾಗಿ ಮಾಡಿದ ನಿಯಮ ಅದು.

ಜಾವಗಲ್ ಕಡೆಯ ಹಳ್ಳಿಯ ಒಬ್ಬ ಅಜ್ಜಿ ಮೂರು ಸಾವಿರ ರೂಪಾಯಿಯಲ್ಲಿ ಎಮ್ಮೆ ತಗೊಂಡಿದ್ದರು. ಸಾವಿರ ಸಬ್ಸಿಡಿ, ಉಳಿದದ್ದು ಸಾಲ. ಎಮ್ಮೆಯ ಹೆಸರು ಕಾಳಿ. ಕಂತು ಕಟ್ಟಲು ಬಂದಾಗಲೆಲ್ಲ ಕಾಳಿಯ ಸಮಾಚಾರವನ್ನೂ ಹೇಳುತ್ತಿದ್ದರು. ಒಂದು ಮಳೆಗಾಲ ಗಳಲೆ ಬೇನೆ ಬಂತು. ಎಮ್ಮೆಗಳಿಗೆ ಆ ರೋಗ ಬಹಳ ಬೇಗ ತಗಲುತ್ತದೆ. ಎರಡು ದಿನದಲ್ಲಿ ಕಾಳಿ ಹೋಯಿತು.

ಅಜ್ಜಿ ವೈದ್ಯರ ಪತ್ರ ಹಿಡಿದುಕೊಂಡು ಬಂದರು. “ಬಿಲ್ಲೆ ಎಲ್ಲಿ ಅಜ್ಜಿ?” ಎಂದು ಕೇಳಿದೆ.

“ಅದರ ಕಿವಿಯಲ್ಲೇ ಐತೆ ಸಾಮಿ. ಹಂಗೇ ಮಣ್ಣು ಮಾಡಿದ್ವಿ. ಕಿವಿ ಕೊಯ್ಕೊಂಡು ಬರಬೇಕಂತ ಆಮೇಲೆ ಹೇಳಿದರು. ಹೇಳಿದ್ದರೂ, ಹಾಲು ಕೊಟ್ಟ ತಾಯಿ ಕಿವಿಗೆ ಹೆಂಗೆ ಕತ್ತಿ ಇಕ್ಕಲಿ?”

ನಾನು ಅರ್ಜಿಯಲ್ಲಿ ‘ಬಿಲ್ಲೆ ಹಾಜರುಪಡಿಸಿಲ್ಲ’ ಎಂದು ಬರೆದೆ. ಅದು ಸುಳ್ಳಲ್ಲ. ಆದರೆ ಅಜ್ಜಿ ಹೇಳಿದ ಮಾತನ್ನೂ ಅದರ ಕೆಳಗೆ ಬರೆಯಬಹುದಿತ್ತು. ಮೇಲಿನವರಿಗೆ ಒಂದು ಪತ್ರ ಬರೆದು, ಹಳ್ಳಿಗೆ ಹೋಗಿ ವಿಚಾರಿಸೋಣ ಎನ್ನಬಹುದಿತ್ತು. ಬರೆಯಲಿಲ್ಲ. ಅರ್ಜಿ ತಿರಸ್ಕಾರವಾಗಿ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯ ಅರ್ಥ ನನಗೆ ಆವತ್ತು ತಿಳಿಯಿತು. ಮೋಸ ಮಾಡಿದವರು ಯಾರೋ, ಬರೆ ಬಿದ್ದದ್ದು ಅಜ್ಜಿಗೆ.

ಇಲ್ಲದ ಎಮ್ಮೆಯ ಸಾಲವನ್ನು ಅಜ್ಜಿ ಎರಡೂವರೆ ವರ್ಷ ತೀರಿಸಿದರು. ತೆಂಗಿನಕಾಯಿ ಸುಲಿದ ಕೂಲಿ ಹಣವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಡುತ್ತಿದ್ದರು. ಕೊನೆಯ ಕಂತಿನ ದಿನ ನಾನು ಪಾಸ್‌ಬುಕ್ಕಿಗೆ ‘ಸಾಲ ತೀರಿದೆ’ ಎಂದು ಮೊಹರು ಒತ್ತಿದೆ. ಅವರು ಕೇಳಿದ್ದು ಒಂದೇ ಮಾತು: “ಈಗ ನಮ್ಮ ಕಾಳಿ ನಮ್ಮೋಳಾದಳಾ ಸಾಮಿ?”

ಹೌದು ಎಂದೆ. ತಲೆ ಎತ್ತಿ ಹೇಳಲಿಲ್ಲ.

ಉಳಿದವೆಷ್ಟು?

ನಮ್ಮ ಎಮ್ಮೆಗೆ ಅಮೆರಿಕದ ಬಫೆಲೊ ಗತಿ ಬಂದಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ 98 ಲಕ್ಷ ಎಮ್ಮೆ ಕೋಣಗಳಿವೆ. ಜಗತ್ತಿನ ಎಮ್ಮೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ದೇಶದಲ್ಲೇ ಇವೆ. ಆದರೆ ಕರ್ನಾಟಕದ ಲೆಕ್ಕ ಬೇರೆ. 2012ರ ಗಣತಿಯಲ್ಲಿ ಸುಮಾರು 34.7 ಲಕ್ಷ ಇದ್ದದ್ದು 2019ರಲ್ಲಿ ಸುಮಾರು 29.9 ಲಕ್ಷಕ್ಕೆ ಇಳಿದಿತ್ತು. ಏಳು ವರ್ಷದಲ್ಲಿ ಹೆಚ್ಚುಕಡಿಮೆ ಐದು ಲಕ್ಷ ಕಡಿಮೆ.

ಇಲ್ಲಿ ಕೋವಿ ಹಿಡಿದವರಿಲ್ಲ. ಕಾರಣಗಳೆಲ್ಲ ಸಣ್ಣವು, ನ್ಯಾಯವಾದವು. ಸೀಮೆ ಹಸು ಹೆಚ್ಚು ಹಾಲು ಕೊಡುತ್ತದೆ. ಎಮ್ಮೆ ಕರು ಬೆಳೆದು ಮೊದಲ ಸಲ ಈಯಲು ಮೂರೂವರೆ, ನಾಲ್ಕು ವರ್ಷವೇ ಬೇಕು, ಗರ್ಭವೂ ಹತ್ತು ತಿಂಗಳಿನದು. ಗದ್ದೆ ಉಳಲು ಟಿಲ್ಲರ್ ಬಂದ ಮೇಲೆ ಕೋಣಕ್ಕೆ ಕೆಲಸವಿಲ್ಲ. ಕೆರೆಯಲ್ಲಿ ನೀರು ನಿಲ್ಲದಿದ್ದರೆ ಎಮ್ಮೆಗೆ ಸುಖವಿಲ್ಲ. ಮೇಯಿಸಲು ಹುಡುಗರಿಲ್ಲ, ಅವರು ಶಾಲೆಯಲ್ಲಿದ್ದಾರೆ, ಇರಬೇಕಾದದ್ದೂ ಅಲ್ಲೇ. ಯಾರನ್ನೂ ಬಯ್ಯುವಂತಿಲ್ಲ. ಆದರೂ ಆರಿದ್ದ ಮನೆಯಲ್ಲಿ ಒಂದಾಗಿದೆ.

ಎಲ್ಲರೂ ಎಮ್ಮೆ ಕಟ್ಟಿ ಎಂದು ಹೇಳುವುದು ನನ್ನಂಥ ಪಿಂಚಣಿದಾರನಿಗೆ ಸುಲಭ. ಸಗಣಿ ಬಾಚುವವರು ಬೇರೆಯವರು ತಾನೇ. ಆದ್ದರಿಂದ ಅಷ್ಟು ದೊಡ್ಡ ಮಾತು ಬೇಡ. ಮಕ್ಕಳೇ, ಮುಂದಿನ ಸಲ ಹಳೇಬೀಡಿಗೆ ಹೋದಾಗ ಆನೆ, ಸಿಂಹ, ಮಕರಗಳನ್ನು ಎಣಿಸಿದ ಮೇಲೆ ಕೆರೆಯ ಕಡೆಗೂ ಒಮ್ಮೆ ನೋಡಿ. ನಿಮ್ಮ ಮನೆಯ ಅಜ್ಜಿ, ತಾತ ಎಮ್ಮೆ ಸಾಕಿದ್ದರೆ ಅದರ ಹೆಸರೇನಿತ್ತು ಎಂದು ಕೇಳಿ. ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಿ. ನಾನು ಬರೆಯಬೇಕಾದ ಹೊತ್ತಿನಲ್ಲಿ ಬರೆಯಲಿಲ್ಲ.

ಅವತ್ತು ರಾತ್ರಿ ಅರಸೀಕೆರೆಗೆ ಮರಳಿದ ಮೇಲೆ ಮೊಮ್ಮಗಳು ಅಮೆರಿಕದ ನಾಣ್ಯವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದಳು. ಆ ವೃತ್ತದೊಳಗೆ ಒಂದು ಎಮ್ಮೆ ಬರೆದಳು. ಬಾಗಿದ ಕೊಂಬು, ಅಗಲ ಕಿವಿ, ಬೆನ್ನ ಮೇಲೊಂದು ಬೆಳ್ಳಕ್ಕಿ. ಕೆಳಗೆ ಕನ್ನಡದಲ್ಲಿ ‘ಕಾಳಿ’ ಎಂದು ಬರೆಯಲು ನನ್ನ ಸಹಾಯ ಕೇಳಿದಳು. ‘ಳಿ’ ಬರೆಯುವುದು ಅವಳಿಗೆ ಕಷ್ಟವಾಯಿತು, ಕೈಹಿಡಿದು ಬರೆಸಿದೆ.

“ಕಿವಿಗೆ ಬಿಲ್ಲೆ ಹಾಕಲಾ ತಾತ? ನಂಬರ್ ನೆನಪಿದೆಯಾ?”

ನೆನಪಿತ್ತು. ಗುಮಾಸ್ತನಿಗೆ ಮುಖ ಮರೆತರೂ ನಂಬರು ಮರೆಯುವುದಿಲ್ಲ.

“ಬೇಡ ಮಗು,” ಎಂದೆ. “ಕಿವಿ ಹಾಗೇ ಇರಲಿ.”